ಕಾವಲು ಮುಖ

ಕಾರ್ಖಾನೆಯ ವಿಷದ ಕೆಸರನ್ನೆಲ್ಲ ಆಳದ ಗುಂಡಿಯಲ್ಲಿ ಹೂತು, ಅದರ ಮೇಲೆ ಕಾಂಕ್ರೀಟಿನ ದಪ್ಪ ಮುಚ್ಚಳ ಹಾಕಿಸಿದ್ದರು ಎಂಜಿನಿಯರ್ ದಕ್ಷಿಣಾಮೂರ್ತಿ. ಮುಚ್ಚಳ ಐನೂರು ವರ್ಷ ಬಾಳುತ್ತದೆಂಬ ಧೈರ್ಯ ಅವರಿಗಿತ್ತು. ಆದರೆ ಸುತ್ತಲಿನ ಮಣ್ಣಿಗೂ ವಿಷ ಇಳಿದಿತ್ತು. ಮುಂದೆಂದಾದರೂ ಯಾರಾದರೂ ಅಗೆದರೆ?

"ಒಂದು ಕಲ್ಲು ನಿಲ್ಲಿಸಿ, 'ಅಪಾಯ' ಅಂತ ದೊಡ್ಡದಾಗಿ ಕೆತ್ತಿಬಿಡಿ," ಎಂದರು ಶಿಲ್ಪಿಗೆ.

"ನಿಮ್ಮೂರಿನ ಹಳೇ ಶಾಸನ ನಿಮಗೆ ಓದೋಕ್ ಬರುತ್ತಾ ಸಾರ್?"

ದಕ್ಷಿಣಾಮೂರ್ತಿ ತಲೆ ಕೆರೆದುಕೊಂಡರು. "ಹಾಗಾದ್ರೆ ಅಕ್ಷರ ಬೇಡ, ಒಂದು ಮುಖ ಕೆತ್ತಿ. ನೋಡಿದವರ ಎದೆ ಝಲ್ ಅನ್ನಬೇಕು."

ಕರಿಕಲ್ಲಿನಲ್ಲಿ ಮುಖ ಮೂಡಿತು. ಉಬ್ಬಿದ ಕಣ್ಣು, ಕೋರೆಹಲ್ಲು, ಹೊರಚಾಚಿದ ನಾಲಿಗೆ. ಅದರೆದುರು ನಿಲ್ಲಲು ಸ್ವತಃ ದಕ್ಷಿಣಾಮೂರ್ತಿಯವರಿಗೇ ಅಳುಕಾಯಿತು. ಸುತ್ತ ಬೇಲಿ ಹಾಕಿಸಿ, ಇನ್ನು ಇತ್ತ ಯಾರೂ ಸುಳಿಯುವುದಿಲ್ಲವೆಂದು ನೆಮ್ಮದಿಯಿಂದ ಹೊರಟುಹೋದರು.

ಮರುವರ್ಷ ತಪಾಸಣೆಗೆ ಬಂದಾಗ ಬೇಲಿ ಮುರಿದು ಬಿದ್ದಿತ್ತು. ಕಲ್ಲಿನ ಬುಡದಲ್ಲಿ ಮೊಳಕಾಲುದ್ದದ ಗುಳಿ ಬಿದ್ದಿತ್ತು. ಮಗುವನ್ನು ಕಂಕುಳಲ್ಲಿಟ್ಟುಕೊಂಡ ಹೆಂಗಸೊಬ್ಬಳು ಆ ಗುಳಿಯೊಳಗೆ ಕೈ ಹಾಕಿ ಕೆದಕುತ್ತಿದ್ದಳು. ದಕ್ಷಿಣಾಮೂರ್ತಿ ಎದ್ದೆನೋ ಬಿದ್ದೆನೋ ಎಂದು ಓಡಿದರು.

"ಮುಟ್ಟಬೇಡಮ್ಮ! ದೂರ ಬಾ!"

"ಯಾಕ್ ಸ್ವಾಮಿ?"

"ಯಾಕಾ? ಆ ಮುಖ ನೋಡಿದ್ರೆ ಭಯ ಆಗಲ್ವಾ ನಿನಗೆ?"

"ಆಗ್ದೆ ಇರ್ತದಾ? ಭಾಳ ಉಗ್ರದ್ ತಾಯಿ! ಅದ್ಕೇ ಅಲ್ವಾ ಈ ಪ್ರಸಾದಕ್ಕೆ ಇಷ್ಟು ಶಕ್ತಿ," ಎನ್ನುತ್ತ ಅವಳು ಕುಂಕುಮ ಮೆತ್ತಿದ ಕಲ್ಲಿಗೆ ಕೈಮುಗಿದು, ಚಿಟಿಕೆ ಮಣ್ಣನ್ನು ಮಗುವಿನ ನಾಲಿಗೆಗಿಟ್ಟಳು.