ಫ್ರಾನ್ಸಿನ ಮಣ್ಣುದಾರಿ

ಪರದೆಯ ಮೇಲಿನ ದಾರಿ ಹೊಳೆಯ ಕಡೆಗೆ ಇಳಿಯತೊಡಗಿದ್ದೇ ತಡ, ತನಿಯಪ್ಪನ ಬಲಗಾಲು ಪೆಡಲಿನ ಜೊತೆ ಪೂರ್ತಿ ಒಂದು ಸುತ್ತು ಹಾಕಿತು. ಆಮೇಲೆ ಇನ್ನೊಂದು. ಕೊಲ್ಲಿ ದೇಶದ ಮಂಗಫ್‌ನ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದ, ಅವನ ಊರಿನ ಕಡೆಯವಳೇ ಆದ ಇನೆಜ್ ಟವೆಲು ಮಡಿಸುತ್ತಿದ್ದವಳು ಹಾಗೇ ನಿಂತುಬಿಟ್ಟಳು. ಆರು ವಾರದಿಂದ, ಅಳೆದಾಗಲೆಲ್ಲ ಎಂಬತ್ತು ಡಿಗ್ರಿ ಬಗ್ಗಿ ಗಕ್ಕನೆ ನಿಲ್ಲುತ್ತಿದ್ದ ಮೊಣಕಾಲು ಅದು.

ಅದು ನಿಂತಲ್ಲೇ ತುಳಿಯುವ ಸೈಕಲ್ಲು. ಎದುರಿನ ಟೀವಿಯಲ್ಲಿ ಫ್ರಾನ್ಸಿನ ಯಾವುದೋ ಹಳ್ಳಿಗಾಡು. ಗುಡ್ಡ ಹತ್ತಿಳಿಯುವ ಸೈಕಲ್ಲಿನ ಹ್ಯಾಂಡಲಿಗೆ ಕ್ಯಾಮೆರಾ ಕಟ್ಟಿ ತೆಗೆದದ್ದು. ಗೋಧಿ ಹೊಲದ ಅಂಚು, ಪಾಚಿ ಕಟ್ಟಿದ ಕಲ್ಲುಗೋಡೆ, ಕಾಡಿನೊಳಗೆ ಬೇರುಗಳ ಮೇಲೆ ಎಗರೆಗರಿ ಸಾಗುವ ಕೆಸರು ದಾರಿ. ಕಿಟಕಿಯಾಚೆ ಧೂಳಿನ ಗಾಳಿಗೆ ಎದುರು ಸಾಲಿನ ಕಟ್ಟಡಗಳೇ ಕಾಣಿಸುತ್ತಿರಲಿಲ್ಲ. ಬೇರೆ ರೋಗಿಗಳು ತುಳಿಯುತ್ತ ಮೊಬೈಲು ನೋಡುತ್ತಿದ್ದರು. ತನಿಯಪ್ಪನೊಬ್ಬ ಮಾತ್ರ ತಿರುವು ಬಂದಾಗ ಮೈ ವಾಲಿಸುತ್ತಿದ್ದ. ಕೊಂಬೆ ಅಡ್ಡ ಬಂದರೆ ತಲೆ ತಗ್ಗಿಸುತ್ತಿದ್ದ.

ಮರುದಿನ ಅವನು ಬರುವ ಮೊದಲೇ ಇನೆಜ್ ಸೀಟನ್ನು ಎರಡು ತೂತು ಕೆಳಗಿಳಿಸಿಟ್ಟಳು. ಸೀಟು ತಗ್ಗಿದಷ್ಟೂ ಮೊಣಕಾಲು ಹೆಚ್ಚು ಬಗ್ಗಬೇಕು. ತನಿಯಪ್ಪನಿಗೆ ಅದು ತಿಳಿಯಲೇ ಇಲ್ಲ. ಏರಿನಲ್ಲಿ ಹಲ್ಲು ಕಚ್ಚಿ ತುಳಿದ, ಇಳಿಜಾರಿನಲ್ಲಿ ಸಲೀಸಾಗಿ ತುಳಿದ, ಹೊಳೆಯ ಮೇಲಿನ ಮರದ ಸಂಕ ದಾಟಿದ. ಇಳಿದು ಮಂಚದ ಮೇಲೆ ಮಲಗಿದವನ ಕಾಲನ್ನು ಅವಳು ಮೆಲ್ಲಗೆ ಮಡಿಸಿದಳು. ಎಂಬತ್ತಕ್ಕೆ ಸರಿಯಾಗಿ ಅವನು ಮಂಚದ ಅಂಚು ಹಿಡಿದುಕೊಂಡ.

"ಸಾಕು ಮೇಡಂ. ಇದಕ್ಕಿಂತ ಬಗ್ಗುದಿಲ್ಲ."

"ಈಗಷ್ಟೇ ಅಲ್ಲಿ ನೂರಿಪ್ಪತ್ತು ಬಗ್ಗಿತಲ್ಲ ತನಿಯಪ್ಪ? ಸೀಟು ಇಳಿಸಿಟ್ಟದ್ದು ನಾನೇ."

ತನಿಯಪ್ಪ ಎದ್ದು ಕುಳಿತ. ಅವಳ ಕೈಯ ಆಸರೆ ಕೇಳಲಿಲ್ಲ. ಅವನು ರಿಫೈನರಿಯೊಂದರಲ್ಲಿ ಸ್ಕಾಫೋಲ್ಡಿಂಗ್ ಕೆಲಸಕ್ಕಿದ್ದವನು. ಕಬ್ಬಿಣದ ಪೈಪುಗಳನ್ನು ಜೋಡಿಸಿ ಮುಗಿಲೆತ್ತರಕ್ಕೆ ಅಟ್ಟಣಿಗೆ ಕಟ್ಟುವುದು. ನಾಲ್ಕು ತಿಂಗಳ ಹಿಂದೆ ಅಲ್ಲಿಂದ ಬಿದ್ದಿದ್ದ. ಫೈಲಿನಲ್ಲಿ ಇದ್ದದ್ದು ಅಷ್ಟೇ.

"ಕಂಪನಿಗೆ ಹೇಳ್ತೀರಾ?"

"ಮೊದ್ಲು ನೀವು ನಂಗೆ ಹೇಳಿ. ಎಂತಕ್ಕೆ ಹೀಗೆ ಮಾಡಿದ್ದು?"

"ಕಾಲು ಸರಿ ಉಂಟು ಅಂದ್ರೆ ನಾಡಿದ್ದೇ ಮೇಲೆ ಹತ್ತಿಸ್ತಾರೆ. ಸರಿ ಆಗುದಿಲ್ಲ ಅಂದ್ರೆ ಇಲ್ಲಿರ್ಲಿಕ್ಕೆ ಕೊಟ್ಟ ಇಕಾಮಾ ಖಲಾಸ್, ಊರಿಗೆ ಟಿಕೇಟು. ಎರಡೂ ಆಗುದು ಬೇಡ ಅಂತ ಒಂದೊಂದೇ ವಾರ ದೂಡ್ತಾ ಇದ್ದೆ." ಅವನು ಮೊಣಕಾಲನ್ನು ಉಜ್ಜಿಕೊಂಡ. "ಆ ದಿನ ನನ್ನ ಹತ್ರ ಸುಂದರ ಅಂತ ಇದ್ದ ಮೇಡಂ, ನಮ್ಮ ಬೆಳ್ತಂಗಡಿಯವನೇ. ಬೆಲ್ಟು ಕಟ್ಟಿದ್ದ, ಅದರ ಕೊಕ್ಕೆ ಪೈಪಿಗೆ ಸಿಕ್ಕಿಸಿರ್ಲಿಲ್ಲ. ನಾನು ಪಕ್ಕದಲ್ಲೇ ಇದ್ದವ, ನೋಡ್ಲಿಲ್ಲ. ಜಾರಿದಾಗ ಹಿಡಿಲಿಕ್ಕೆ ಹೋದೆ. ನನ್ನ ಕೊಕ್ಕೆ ಸಿಕ್ಕಿಸಿದ್ದಕ್ಕೆ ನಾನು ಒಂದೇ ಅಂತಸ್ತು ಕೆಳಗೆ ಬಿದ್ದೆ. ಅವ ನೆಲಕ್ಕೆ."

ಇನೆಜ್ ಟೀವಿಯ ಕಡೆಗೆ ತಿರುಗಿದಳು. ಅಲ್ಲಿ ದಾರಿ ಮತ್ತೆ ಮೊದಲಿನಿಂದ ಶುರುವಾಗಿತ್ತು. ಕಡಿದಾದ ಇಳಿಜಾರೊಂದರ ತುದಿಯಲ್ಲಿ ಚಕ್ರ ಒಂದು ಕ್ಷಣ ನಿಂತು ಧುಮುಕಿತು.

"ಇದರಲ್ಲಿ ನಿಮ್ಗೆ ಹೆದ್ರಿಕೆ ಆಗುದಿಲ್ವಾ?"

"ಅದು ನೆಲ ಅಲ್ವಾ ಮೇಡಂ. ಬಿದ್ರೂ ಎದ್ದು ಮಣ್ಣು ಕೊಡವಿಕೊಂಡ್ರೆ ಆಯ್ತು."

ಗುರುವಾರ ಕಂಪನಿಯ ಮಧುಸೂದನ್ ತನಿಯಪ್ಪನ ತಪಾಸಣೆಯ ಫಾರಂ ಒಯ್ಯಲು ಬಂದ. ಮೈಸೂರಿನ ಕಡೆಯವನು, ಕಾರ್ಮಿಕರ ಕಾಗದಪತ್ರವೆಲ್ಲ ಅವನದೇ. ಫಾರಂ ಓದಿ ಹುಬ್ಬು ಗಂಟಿಕ್ಕಿದ. ಮೊಣಕಾಲು ನೂರಿಪ್ಪತ್ತು ಡಿಗ್ರಿ, ಸಂಪೂರ್ಣ ಗುಣ ಎಂದಿತ್ತು. ಅದರ ಕೆಳಗೆ ಇನೆಜ್, ಎತ್ತರದ ಕೆಲಸಕ್ಕೆ ಹಾಕಬಾರದು ಎಂದು ಬರೆದು ಡಾಕ್ಟರ ಸಹಿಯನ್ನೂ ಹಾಕಿಸಿದ್ದಳು.

"ಏನ್ ಮೇಡಂ ಇದು? ಫಿಟ್ಟೋ ಅನ್‌ಫಿಟ್ಟೋ, ಎರಡೇ ಬಾಕ್ಸ್ ಇರೋದು. ಕಾಲು ಸರಿ ಇದೆ, ಹತ್ತಿಸ್ಬೇಡಿ ಅಂದ್ರೆ ನಾನ್ ಆಫೀಸಲ್ಲಿ ಏನಂತ ಹೇಳ್ಲಿ? ಏನ್ ಕಾಯಿಲೆ ಅವ್ನಿಗೆ?"

"ಕಾಯಿಲೆ ಅಲ್ಲ. ಪಕ್ಕದವನು ಬೀಳುದನ್ನು ನೋಡಿದ್ದಾರೆ. ಮೇಲೆ ಹೋಗಿ ಕೈ ನಡುಗಿದ್ರೆ ಅವ್ರೂ ಬೀಳ್ತಾರೆ. ಆಗ ಯಾವ ಬಾಕ್ಸಿಗೆ ಟಿಕ್ ಹಾಕ್ತೀರಿ?"

ಮಧುಸೂದನ್ ಪೆನ್ನಿನ ಕ್ಯಾಪನ್ನು ಹಾಕಿ ತೆಗೆದು ಮಾಡಿದ. "ಊರಿಗೆ ಕಳಿಸ್ಬಿಡಿ ಅಂತಾರೆ ಮೇಡಂ."

"ನೆಲದ ಮೇಲೆ ಕೆಲಸ ಇಲ್ವಾ ನಿಮ್ಮಲ್ಲಿ?"

ಅವನು ಫಾರಂ ಮಡಿಸಿ ಜೇಬಿಗಿಟ್ಟುಕೊಂಡು ಹೋದ. ತನಿಯಪ್ಪ ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಸತ್ಯ ಬರೆದು ಅವನನ್ನು ವಿಮಾನ ಹತ್ತಿಸಿಬಿಟ್ಟೆನೇ ಎಂದು ಇನೆಜ್‌ಗೆ ಆಗಾಗ ಅನ್ನಿಸುತ್ತಿತ್ತು. ಸುಳ್ಳು ಬರೆದಿದ್ದರೆ ಇನ್ನೆಷ್ಟು ವಾರ ಸಿಗುತ್ತಿತ್ತು ಎಂದೂ.

ತಿಂಗಳು ಕಳೆದ ಮೇಲೆ ಒಂದು ಸಂಜೆ ಅವನೇ ಬಂದ. ಕಂಪನಿ ಬಸ್ಸಿನಿಂದ ನೇರ ಇಳಿದು ಬಂದಿದ್ದ, ನಡಿಗೆಯಲ್ಲಿ ಕುಂಟು ಇರಲಿಲ್ಲ.

"ಸಾಮಾನಿನ ಸ್ಟೋರಿಗೆ ಹಾಕಿದ್ದಾರೆ ಮೇಡಂ. ಬೆಳಿಗ್ಗೆ ಹತ್ತುವವರಿಗೆಲ್ಲ ಬೆಲ್ಟು ಕೊಡುದು ನಾನೇ. ಸುಮ್ಮನೆ ಕೊಟ್ಟು ಬಿಡುದಿಲ್ಲ. ಒಬ್ಬೊಬ್ಬರದ್ದೂ ಕಟ್ಟಿಸಿ, ಕೊಕ್ಕೆ ಎರಡೆರಡು ಸಲ ಎಳೆದು ನೋಡ್ತೇನೆ."

"ಅವ್ರು ಎಂತ ಹೇಳ್ತಾರೆ?"

"ತಡ ಆಗ್ತದೆ ಅಂತ ಬೈತಾರೆ. ಬೈಕೊಂಡೇ ಹತ್ತುತ್ತಾರೆ," ತನಿಯಪ್ಪ ನಕ್ಕ. "ಸಂಜೆ ಬೈಕೊಂಡೇ ಇಳಿದು ಬರ್ತಾರೆ."