ನಾಳಿನ ಕಾರ್ಡ್

“ಕಾರ್ಡ್ ಕೆಟ್ಟಿಲ್ಲಲೇ, ನಿನ್ನ ಕೈ ಕೆಟ್ಟೈತಿ. ಸಾಲ್ಯಾಗ ಏಳನೇತ್ತಾ ದಾಟದವ್ಗ ಇದೆಲ್ಲಾ ಯಾಕ ಬೇಕಿತ್ತು?” ಗಿರಾಕಿಗಳ ಎದುರಿಗೇ ಕಂಪ್ಯೂಟರ್ ಅಂಗಡಿಯ ಅಂದಾನಪ್ಪ ಹೀಗಂದಾಗ ಗವಿಸಿದ್ಧ ಹಲ್ಲು ಕಚ್ಚಿದ.

ಹೊಸ ಗ್ರಾಫಿಕ್ಸ್ ಕಾರ್ಡುಗಳು ಒಂದು ದಿನ ಮುಂದೆ ಓಡುತ್ತಿದ್ದವು. ಮೌಸ್ ಹಿಡಿದವರು ನಾಳೆ ಆಡುವ ಆಟವನ್ನು ಇವತ್ತೇ ತೋರಿಸುತ್ತಿದ್ದವು. ನಾಳೆ ಆಡದವರಿಗೆ ಪರದೆ ನೀಲಿ. ನಾಳೆ ಇರದವರಿಗೆ ಕಪ್ಪು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಅದಕ್ಕೇ ಕಪ್ಪು ಕಂಡವರು ಮೊದಲು ಕಾರ್ಡನ್ನೇ ಬೈಯುತ್ತಿದ್ದರು.

ಗವಿಸಿದ್ಧನಿಗೆ ಬೆಳಗಿನಿಂದ ಕಪ್ಪು. ರ‍್ಯಾಮ್ ಕಿತ್ತು ರಬ್ಬರಿನಿಂದ ಉಜ್ಜಿದ್ದ, ಕರೆಂಟ್ ಕೊಡುವ ಎಸ್‌ಎಂಪಿಎಸ್ ಡಬ್ಬಿ ಬದಲಿಸಿದ್ದ, ಕೇಬಲ್ಲುಗಳನ್ನು ಊದಿ ಊದಿ ಸಿಕ್ಕಿಸಿದ್ದ. ಕಾರ್ಡ್ ಕೆಟ್ಟಿದೆ ಎಂಬ ಒಂದು ಮಾತಿಗಾಗಿ ಇಲ್ಲಿಗೆ ಓಡಿ ಬಂದಿದ್ದ.

ಅಂದಾನಪ್ಪ ಅದನ್ನು ಅಂಗಡಿಯ ಕಂಪ್ಯೂಟರಿಗೆ ಹಾಕಿ, ಕೀಬೋರ್ಡ್ ಕೊಳ್ಳಲು ಬಂದಿದ್ದ ತಬಸ್ಸುಮ್‌ಗೆ ಮೌಸ್ ಕೊಟ್ಟ. ಪರದೆಯ ತುಂಬ ಕಾರುಗಳು ಓಡಿದವು.

“ಅಯ್ಯ, ನಾಳೆನೂ ಸೋಲ್ತೀನಿ ನೋಡ್ರಿ,” ಎಂದಳು ಅವಳು. ಎಲ್ಲರೂ ನಕ್ಕರು.

“ನೋಡ್ಲೇ, ಬಂಗಾರದಂಥಾ ಕಾರ್ಡ್. ಹಿಡಿಯೂದು ಹಿಂಗ,” ಎನ್ನುತ್ತ ಅಂದಾನಪ್ಪ ತಾನೇ ಮೌಸ್ ಹಿಡಿದ.

ಪರದೆ ಕಪ್ಪಾಯಿತು.

ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಹಿಡಿದ. ಮತ್ತೆ ಕಪ್ಪು. ನಗುತ್ತಿದ್ದವರು ಒಬ್ಬೊಬ್ಬರಾಗಿ ಮೆಟ್ಟಿಲ ಕಡೆ ಸರಿದರು.

“ಗವಿಸಿದ್ಧಪ್ಪಾ,” ಎಂದ ಅಂದಾನಪ್ಪ. “ನೀ ಬೆಳಗಿಂದ ನೋಡೀಯಲ್ಲ. ಈ ಕಾರ್ಡ್ ಕೆಟ್ಟೈತಿ, ಹೌದಿಲ್ಲೋ? ಹೌದನ್ನೋ ಯಪ್ಪಾ.”

ಗವಿಸಿದ್ಧ ಕಾರ್ಡನ್ನು ಅಲ್ಲೇ ಬಿಟ್ಟು, ಮೆಟ್ಟಿಲಿಳಿದು ನಡೆದ.