ನಾಲ್ಕು ಬೆರಳಿನ ಕಾಶವ್ವ

ಕೌದಿಯ ಒಂದು ತುದಿ ನೀಲಾಳ ಕೈಯಲ್ಲಿತ್ತು, ಇನ್ನೊಂದು ತುದಿ ಗಂಡ ಪ್ರೇಮಕುಮಾರನ ಕೈಯಲ್ಲಿ. ತೊಯ್ದ ಕೌದಿ ಎಂದರೆ ಹೆಣಭಾರ. ಮಾಳಿಗೆಯ ಮೇಲೆ ಇಬ್ಬರೂ ಎದುರುಬದುರು ನಿಂತು ಹಿಂಡುತ್ತಿದ್ದಾಗ ಕೆಳಗಿನಿಂದ ದನಿ ಬಂತು: "ಕಾಶವ್ವನ ಚಿತ್ರ ತಗಿಯೋರ ಮನಿ ಇದ ಏನ್ರಿ?"

ಕಾಶವ್ವ ಎಂದರೆ ಹಾವೇರಿಯ ಪತ್ರಿಕೆಯೊಂದರ ಮೂಲೆಯಲ್ಲಿ ದಿನಾ ಮೂರು ಚೌಕದೊಳಗೆ ಕೂತು ದೊಡ್ಡವರ ಕಾಲೆಳೆಯುವ ಮುದುಕಿ. ಇಪ್ಪತ್ತೆಂಟು ವರ್ಷದಿಂದ ಪ್ರೇಮಕುಮಾರ ರಾಣೆಬೆನ್ನೂರಿನ ಈ ಮನೆಯಲ್ಲೇ ಕೂತು ಆಕೆಯ ಚಿತ್ರ ಬರೆಯುತ್ತಿದ್ದ. ಮೂವರು ಸಂಪಾದಕರು ಬದಲಾದರು, ಅವನ ತಲೆ ಬೆಳ್ಳಗಾಯಿತು. ಕಾಶವ್ವನಿಗೆ ಮಾತ್ರ ಒಂದು ಸುಕ್ಕೂ ಹೆಚ್ಚಾಗಲಿಲ್ಲ.

ಇಬ್ಬರೂ ಇಳಿದು ಬಂದರೆ, ಬಾಗಿಲಲ್ಲಿ ನಿಂತಾಕೆ ಐವತ್ತೈದರ ಹೆಂಗಸು. ಸೀರೆಗೂ ಚೀಲಕ್ಕೂ ಮೆಣಸಿನಕಾಯಿಯ ಘಾಟು. ನೀಲಾ ಎರಡು ಸಲ ಸೀನಿದಳು.

"ನಾ ಬೀರವ್ವರಿ, ಬ್ಯಾಡಗ್ಯಾಕಿ. ಮೆಣಸಿನಕಾಯಿ ತೊಟ್ಟು ಬಿಡಸಾಕ ಹೋಗತೇನಿ. ಆರು ವರ್ಷದ ಹಿಂದ ನಿಮಗೊಂದು ಕಾರ್ಡ್ ಬರದಿದ್ದೆ, ಉತ್ತರ ಬರಲಿಲ್ಲ. ಕಾರ್ಡಿಗೆ ಕಾಲಿಲ್ಲ, ನನಗರ ಅದಾವು ಅಂತ ಬಂದೆ."

ಆ ಕಾರ್ಡು ಪ್ರೇಮಕುಮಾರನಿಗೆ ಬಾಯಿಪಾಠವಾಗಿತ್ತು. ದಪ್ಪ ದಪ್ಪ ಅಕ್ಷರ, ಹೊಸದಾಗಿ ಕಲಿತ ಕೈ: 'ಕಾಶವ್ವಗ ನಾಕ ಬೆರಳು ಯಾಕ? ನನ್ನ ಎಲ್ಲಿ ನೋಡಿದಿರಿ?'

ಬೀರವ್ವ ಎಡಗೈ ಚಾಚಿದಳು. ಕಿರುಬೆರಳು ಇರಲಿಲ್ಲ.

"ಹತ್ತು ವರ್ಷದಾಕಿ ಇದ್ದಾಗ ದನದ ಮೇವಿನ ಕಣಕಿ ಕತ್ತರಸೋ ಮಷೀನು ತಗೊಂತು. ನಾಲ್ವತ್ತು ವರ್ಷದ ಹತ್ರ ಈ ಕೈ ಸೆರಗಿನಾಗ ಮುಚ್ಚಿಟ್ಟೇನ್ರಿ. ಮದಿವ್ಯಾಗ ಅಕ್ಕಿಕಾಳು ಬಿದ್ದ ಮ್ಯಾಲ ಗಂಡಗ ಗೊತ್ತಾತು! ಆಮ್ಯಾಲ ಅಕ್ಷರ ಕಲಿಯೋ ಶಾಲಿಗೆ ಹ್ವಾದೆ. ಓದಾಕ ಅಂತ ಮಾಸ್ತರು ನಿಮ್ಮ ಪೇಪರ ಕೊಟ್ರು. ನೋಡತೇನಿ, ಕಾಶವ್ವಗ ನಾಕ ಬೆರಳು! ಅವತ್ತ ಈ ಕೈ ಹೊರಗ ಬಂತು. ಯಾವ ಕೈ ಅಂತ ತಿಳೀದ ಎರಡೂ ಕೈಗೆ ನಾಕ ತಗದೀರಿ. ಇರ್ಲಿ, ಅದನ್ನ ಹೊಟ್ಟ್ಯಾಗ ಹಾಕ್ಕೊಂಡೇನಿ."

ನಗು ತಡೆಯಲು ನೀಲಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಈಗ ಮಂಗಳವ್ವ ಅನ್ನಾಕಿ ಒಬ್ಬಾಕಿ ಕೆಲಸಕ್ಕ ಬಂದಾಳ. 'ನಿನ್ನ ನೋಡಿ ಯಾರ ತಗೀತಾರವಾ, ಆ ಚಿತ್ರದಾಂವಗ ಕೈ ತಗಿಯಾಕ ಬರೂದಿಲ್ಲ' ಅಂತಾಳ. ಎಲ್ಲಾರೂ ನಗತಾರ. ನೀವ ಹೇಳಿಬಿಡ್ರಿ ಅಣ್ಣಾರ. ನನ್ನ ನೋಡೀರೋ, ಇಲ್ಲೋ?"

ಹೌದು ಎಂದರೆ ಮುಗಿಯುತ್ತಿತ್ತು. ಆರು ವರ್ಷದಲ್ಲಿ ಆ ಉತ್ತರವನ್ನು ಅವನು ಹನ್ನೊಂದು ಸಲ ಶುರುಮಾಡಿದ್ದ. ಖರೇ ಬರೆದರೆ ಆ ಕೈ ಮತ್ತೆ ಸೆರಗಿನೊಳಗೆ ಹೋದೀತು ಎಂಬ ಅಂಜಿಕೆ. ಸುಳ್ಳು ಬರೆಯಲು ಪೆನ್ನು ಏಳಲಿಲ್ಲ.

"ಹೇಳ್ರಲಾ," ಎಂದಳು ನೀಲಾ. "ದಿನಾ ಮಂತ್ರಿಗಳ ಮಾರಿ ಇಳಸ್ತೀರಿ. ಬ್ಯಾಡಗಿ ಹೆಣ್ಮಗಳ ಮುಂದ ಬಾಯಿ ಯಾಕ ಕಟ್ಟತು?"

"ಇಲ್ಲ ಅಕ್ಕಾರ," ಎಂದ ಪ್ರೇಮಕುಮಾರ. "ನಿಮ್ಮನ್ನ ನಾ ನೋಡೇ ಇರಲಿಲ್ಲ. ಶುರುವಿಗೆ ಐದ ತಗದಿದ್ದೆ. ಚಿತ್ರ ಸಣ್ಣದು, ಸಂಪಾದಕರು ನೋಡಿ 'ಮುದುಕಿ ಬಾಳಿಗೊನಿ ಹಿಡಕೊಂಡಾಳೇನು?' ಅಂತ ನಕ್ರು. ನಮ್ಮ ಕಸುಬಿನಾಗ ಭಾಳ ಮಂದಿ ನಾಕ ತಗೀತಾರ. ನಾನೂ ಎಲ್ಲಾರಿಗೂ ನಾಕ ಮಾಡಿದೆ."

ಬೀರವ್ವನ ಚಾಚಿದ ಕೈ ಮೆಲ್ಲಗೆ ಮಡಿಲಿಗೆ ಇಳಿಯಿತು. ಪ್ರೇಮಕುಮಾರನಿಗೆ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು.

"ಎಲ್ಲಾರಿಗೂ ಅಂದ್ರ?" ಎಂದಳು ಬೀರವ್ವ. "ಸಾವ್ಕಾರಗೂ?"

"ಸಾವ್ಕಾರಗೂ."

"ಪೊಲೀಸಗ? ಮಂತ್ರಿಗೆ?"

"ಅವರಿಗೂ ನಾಕ."

ಆಕೆ ನಂಬಲಿಲ್ಲ. ಹಳೆಯ ಚಿತ್ರ ಅಂಟಿಸಿಟ್ಟ ವಹಿ ತರಿಸಿ, ಒಂದೊಂದನ್ನೂ ಮುಟ್ಟಿ ಮುಟ್ಟಿ ಎಣಿಸಿದಳು. ತಹಶೀಲ್ದಾರನಿಗೆ ನಾಲ್ಕು. ಬಸ್ ಕಂಡಕ್ಟರನಿಗೆ ನಾಲ್ಕು. ಮದುಮಗಳಿಗೆ ಮೆಹಂದಿ ಹಚ್ಚಿದ ನಾಲ್ಕು. ಒಂದು ಪುಟಕ್ಕೆ ಬಂದು ನಿಂತಳು. ಕದರಮಂಡಲಗಿಯ ಹನುಮಪ್ಪನ ಎದುರು ಕಾಶವ್ವ ಕೈಮುಗಿದು ನಿಂತ ಚಿತ್ರ.

"ಹನಮಪ್ಪಗ ಐದು ಅದಾವಲ್ರಿ!"

"ದೇವರು ನೋಡ್ರಿ. ಅಂಜಿ ಐದ ತಗದೆ."

ಮೊದಲು ಬೀರವ್ವನ ಹೊಟ್ಟೆ ಅಲುಗಿತು, ಆಮೇಲೆ ನಗು ಹೊರಗೆ ಬಂತು, ಬಂದದ್ದು ನಿಲ್ಲಲೇ ಇಲ್ಲ. ನೀಲಾ ಬಾಯಿಂದ ಸೆರಗು ತೆಗೆದು ತಾನೂ ಕೂಡಿದಳು.

"ಹಂಗಾರ ನಿಮ್ಮ ಕಾಶವ್ವನ ಊರಾಗ ದೇವರೊಬ್ಬನ್ನ ಬಿಟ್ಟು ಎಲ್ಲಾರೂ ನನ್ನಂಗ!" ಬೀರವ್ವ ಕಣ್ಣೊರೆಸಿಕೊಂಡಳು. "ಅಣ್ಣಾರ, ಇದನ್ನ ಬರದು ಕಳಸ್ರಿ. ಬಾಯಿಲೆ ಹೇಳಿದ್ರ ಮಂಗಳವ್ವ ನಂಬೂದಿಲ್ಲ."

ಆರು ವರ್ಷ ಏಳದ ಪೆನ್ನು ಐದೇ ನಿಮಿಷದಲ್ಲಿ ನೀಲಿ ಇನ್‌ಲ್ಯಾಂಡಿನ ತುಂಬ ಓಡಿತು. ಮಡಚಿ, ಅಂಟಿಸಿ ಕೈಗೆ ಕೊಡಹೋದರೆ ಬೀರವ್ವ ಮುಟ್ಟಲೇ ಇಲ್ಲ.

"ಅಯ್ಯ, ನಾನ ಒಯ್ದ್ರ ಏನ್ ಚಂದ? ಟಪಾಲಿನಾಂವ ಬಂದು ಎಲ್ಲಾರ ಮುಂದ 'ಬೀರವ್ವ ಯಾರು?' ಅಂತ ಕೂಗಬೇಕು."

ಬಸ್ ನಿಲ್ದಾಣದ ಹತ್ತಿರದ ಕೆಂಪು ಡಬ್ಬಿಗೆ ಪ್ರೇಮಕುಮಾರ ಪತ್ರ ಹಾಕಿದ. ಒಳಗೆ ಬಿದ್ದ ಸಪ್ಪಳ ಕೇಳಿದ ಮೇಲೆಯೇ ಬೀರವ್ವ ಬ್ಯಾಡಗಿ ಬಸ್ ಹತ್ತಿದ್ದು. ಹತ್ತಿ ಕೂತವಳು ಕಿಟಕಿಯಿಂದ ಎಡಗೈ ಬೀಸಿ ಅವನನ್ನು ಹತ್ತಿರ ಕರೆದಳು.

"ಅಣ್ಣಾರ, ಮುಂದ ಯಾವಾಗರ ನಿಮ್ಮ ಚಿತ್ರದಾಗ ಐದು ಬೆರಳಿನಾಂವ ಒಬ್ಬಾಂವ ಬಂದ್ರ, ಪಾಪ, ಉಳಿದಾವ್ರು ಅವನ್ನ ನೋಡಿ ನಗದಂಗ ನೋಡ್ಕೋರಿ."